ಹಳಿ ಕಿತ್ತ ದಾರಿಯಲ್ಲಿ ಒಬ್ಬರೇ ಓಡುವುದು: ಹೊರಡುವ ಮುನ್ನ ತಿಳಿದಿರಬೇಕಾದ್ದು

"ಎರಡು ಮೂರು ಮ್ಯಾರಥಾನ್ ಓಡಿದ್ದೇನೆ. ರೈಲ್ ಟ್ರೇಲ್ ಅಂದರೆ ಸಪಾಟು ದಾರಿ ತಾನೇ? ನಾಲ್ಕೈದು ದಿನದಲ್ಲಿ ಒಬ್ಬನೇ ಓಡಿ ಮುಗಿಸಬಹುದಾ?" ಓದುಗರಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಖಂಡಿತ ಮುಗಿಸಬಹುದು. ಆದರೆ ಎಡವುವವರಲ್ಲಿ ಹೆಚ್ಚಿನವರು ಎಡವುವುದು ಆ "ಸಪಾಟು ತಾನೇ" ಎಂಬ ಮಾತಿನಲ್ಲೇ. ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ಇಲ್ಲಿ ಹತ್ತಿರದ ದಾರಿಯೂ ನುಣ್ಣಗೇ ಇರುತ್ತದೆ, ಮೋಸ ಹೋಗುವುದು ಅದಕ್ಕೇ.

ರೈಲ್ ಟ್ರೇಲ್ ಎಂದರೆ ರೈಲು ಓಡುವುದು ನಿಂತುಹೋದ ಮೇಲೆ ಹಳಿ, ದಿಮ್ಮಿ ಕಿತ್ತು, ಅದೇ ದಿಬ್ಬದ ಮೇಲೆ ನಡೆಯುವವರಿಗೆ, ಓಡುವವರಿಗೆ, ಸೈಕಲ್‌ನವರಿಗೆ ಮಾಡಿಕೊಟ್ಟ ದಾರಿ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 1967ರಲ್ಲಿ ಶುರುವಾದ ಎಲ್ರಾಯ್–ಸ್ಪಾರ್ಟಾ ದಾರಿ ಈ ಬಗೆಯ ಮೊದಮೊದಲಿನವುಗಳಲ್ಲಿ ಒಂದು. ಇಂದು ಮಿಸೌರಿಯ ಕೇಟಿ ಟ್ರೇಲ್ ಸುಮಾರು 385 ಕಿ.ಮೀ., ಪಿಟ್ಸ್‌ಬರ್ಗ್‌ನಿಂದ ಕಂಬರ್‌ಲ್ಯಾಂಡ್‌ವರೆಗಿನ ಗ್ರೇಟ್ ಅಲಿಗೇನಿ ಪ್ಯಾಸೇಜ್ ಸುಮಾರು 240, ಆಸ್ಟ್ರೇಲಿಯದ ಬ್ರಿಸ್ಬೇನ್ ವ್ಯಾಲಿ ರೈಲ್ ಟ್ರೇಲ್ 161, ನ್ಯೂಜಿಲೆಂಡ್‌ನ ಒಟಾಗೊ ಸೆಂಟ್ರಲ್ ರೈಲ್ ಟ್ರೇಲ್ 152.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಇದು ಹಳಿ ಕಿತ್ತ ದಾರಿಯ ಮಾತು. ರೈಲು ಓಡುತ್ತಿರುವ ಹಳಿಯ ಪಕ್ಕ ಓಡುವುದು ಅಪಾಯ, ಬಹುತೇಕ ಕಡೆ ಅಪರಾಧ ಕೂಡ. ಕೆಲವು ಟ್ರೇಲ್‌ಗಳು ಒಂದಷ್ಟು ದೂರ ಜೀವಂತ ಹಳಿಯ ಪಕ್ಕದಲ್ಲೇ ಸಾಗುತ್ತವೆ. ಅಲ್ಲಿ ಬೇಲಿ ದಾಟಬೇಡಿ.

ಈ ದಾರಿಗಳು ಯಾಕಿಷ್ಟು ಸಪಾಟು ಎಂದು ತಿಳಿದುಕೊಂಡರೆ ಅರ್ಧ ತಯಾರಿ ಆದಂತೆ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರಕ್ಕೆ ಹಿಡಿತ ಕಡಿಮೆ. ನೂರು ಮೀಟರ್‌ಗೆ ಎರಡು ಮೀಟರ್ ಏರಿದರೂ ಸರಕು ರೈಲು ಏದುಸಿರು ಬಿಡುತ್ತದೆ. ಹಾಗಾಗಿ ರೈಲ್ವೆ ಎಂಜಿನಿಯರುಗಳು ಗುಡ್ಡ ಅಡ್ಡ ಬಂದರೆ ಸೀಳಿದರು ಇಲ್ಲವೇ ಸುರಂಗ ಕೊರೆದರು, ತಗ್ಗು ಬಂದರೆ ಮಣ್ಣು ತುಂಬಿ ಏರಿ ಕಟ್ಟಿದರು, ತಿರುವುಗಳನ್ನು ಉದ್ದಕ್ಕೆ ಎಳೆದರು. ಅವರು ರೈಲಿಗೆ ಕೊಟ್ಟ ಸುಖವೇ ಓಟಗಾರರಿಗೆ ಕಷ್ಟ ತರುತ್ತದೆ. ಬೆಟ್ಟದ ದಾರಿಯಲ್ಲಿ ಏರು ಬಂದಾಗ ತಾನಾಗಿಯೇ ನಡೆಯುತ್ತೀರಿ, ಇಳಿತದಲ್ಲಿ ಬೇರೆ ಸ್ನಾಯು ಕೆಲಸಕ್ಕೆ ಬರುತ್ತದೆ. ಇಲ್ಲಿ ಒಂದೇ ಬಗೆಯ ಹೆಜ್ಜೆ. 60 ಕಿ.ಮೀ. ಓಡಿದ ದಿನ 70,000ಕ್ಕೂ ಹೆಚ್ಚು ಸಲ ಅದೇ ಸ್ನಾಯು, ಅದೇ ಕೀಲು, ಅದೇ ಕೋನ. ಬಿಡುವು ಕೊಡುವ ಕೆಲಸ ದಾರಿ ಮಾಡುವುದಿಲ್ಲ, ನೀವೇ ಮಾಡಬೇಕು. ಮುಂದಿನ ಹಂತಗಳೆಲ್ಲ ಈ ಒಂದು ಮಾತಿನ ಸುತ್ತಲೇ ಇವೆ.

ಹಂತ 1: ನಿಮ್ಮ ನಿಯಮ ಏನೆಂದು ಮೊದಲೇ ಗೊತ್ತುಮಾಡಿಕೊಳ್ಳಿ

ದೂರದ ಓಟಗಾರರ ನಡುವೆ ಮೂರು ಪದ ಬಳಕೆಯಲ್ಲಿವೆ. "ಸಪೋರ್ಟೆಡ್" ಎಂದರೆ ಗೆಳೆಯರೋ ಮನೆಯವರೋ ಅಲ್ಲಲ್ಲಿ ಸಿಕ್ಕು ಊಟ, ನೀರು, ಬಟ್ಟೆ ಕೊಡುತ್ತಾರೆ. "ಸೆಲ್ಫ್ ಸಪೋರ್ಟೆಡ್" ಎಂದರೆ ನಿಮಗಾಗಿ ಯಾರೂ ಕಾದಿರುವುದಿಲ್ಲ, ಆದರೆ ದಾರಿಯಲ್ಲಿ ಯಾರಿಗೆ ಬೇಕಾದರೂ ಸಿಗುವಂಥದ್ದನ್ನು, ಅಂದರೆ ಅಂಗಡಿ, ನಲ್ಲಿ, ವಸತಿಗೃಹ, ಮುಂಚೆಯೇ ನೀವೇ ಅಂಚೆಯಲ್ಲಿ ಕಳಿಸಿಟ್ಟ ಪೊಟ್ಟಣ ಇಂಥವನ್ನು ಬಳಸಬಹುದು. "ಅನ್‌ಸಪೋರ್ಟೆಡ್" ಎಂದರೆ ನೀರೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮೊದಲ ಹೆಜ್ಜೆಯಿಂದಲೇ ಬೆನ್ನ ಮೇಲೆ.

ಮೊದಲ ಸಲ ಹೊರಡುವವರಿಗೆ ನನ್ನ ಸಲಹೆ ನಡುವಿನದು. ಈ ಲೇಖನವೂ ಅದರ ಬಗ್ಗೆಯೇ. ದಾಖಲೆ ಮಾಡುವ ಆಸೆ ಇಲ್ಲದಿದ್ದರೂ ನಿಯಮ ಬರೆದಿಡಿ. 140ನೇ ಕಿಲೋಮೀಟರ್‌ನಲ್ಲಿ ಕಾಲು ನೋಯುತ್ತಿರುವಾಗ ಯಾರಾದರೂ "ಬನ್ನಿ, ಮುಂದಿನ ಊರಿಗೆ ಬಿಡುತ್ತೇನೆ" ಎಂದರೆ ಹತ್ತಬೇಕೋ ಬೇಡವೋ ಎಂದು ಅಲ್ಲಿ ನಿಂತು ಯೋಚಿಸುವುದು ಬಹಳ ಕಷ್ಟ.

ಹಂತ 2: ದಾರಿ, ದಿಕ್ಕು, ಕಾಲ

ಮೊದಲ ದಾರಿ 150 ಕಿ.ಮೀ. ಆಸುಪಾಸಿನಲ್ಲಿರಲಿ. ಮೂರು ದಿನಕ್ಕೆ ಹಂಚಿದರೆ ದಿನಕ್ಕೆ 50. ಇನ್ನೂರು ದಾಟಿದ ದಾರಿಗೆ ಕೈ ಹಾಕುವುದು ಎರಡನೇ ಸಲಕ್ಕೆ ಇರಲಿ.

ಎತ್ತರದ ನಕ್ಷೆ, ಅಂದರೆ ದಾರಿಯ ಉದ್ದಕ್ಕೂ ಏರಿಳಿತ ತೋರಿಸುವ ಗೆರೆ, ಅದನ್ನು ನೋಡದೆ ದಿಕ್ಕು ತೀರ್ಮಾನಿಸಬೇಡಿ. ಗ್ರೇಟ್ ಅಲಿಗೇನಿ ಪ್ಯಾಸೇಜ್ ಒಳ್ಳೆಯ ಉದಾಹರಣೆ. ಕಂಬರ್‌ಲ್ಯಾಂಡ್ ಕಡೆಯಿಂದ ಹೊರಟರೆ ಮೊದಲ 38 ಕಿ.ಮೀ. ಒಂದೇ ಸಮನೆ ಏರು. ಸುಮಾರು 540 ಮೀಟರ್ ಹತ್ತಿ, 729 ಮೀಟರ್ ಎತ್ತರದ ಜಲವಿಭಾಜಕ ಮುಟ್ಟುತ್ತೀರಿ. ಒಂದು ಕಡೆ ಬಿದ್ದ ಮಳೆ ಒಂದು ಸಮುದ್ರದ ಕಡೆಗೂ ಇನ್ನೊಂದು ಕಡೆ ಬಿದ್ದದ್ದು ಇನ್ನೊಂದರ ಕಡೆಗೂ ಹರಿಯುವ ನೆತ್ತಿ ಅದು. ಅಲ್ಲಿಂದ ಪಿಟ್ಸ್‌ಬರ್ಗ್‌ವರೆಗೆ 200 ಕಿ.ಮೀ. ನಿಧಾನದ ಇಳಿತ. ತಿರುಗಿಸಿ ಓಡಿದರೆ ದಣಿದ ಕಾಲಿಗೆ ಕೊನೆಯಲ್ಲಿ 38 ಕಿ.ಮೀ. ಒಂದೇ ಸಮನೆ ಇಳಿತ ಸಿಗುತ್ತದೆ. ನಾನಾದರೆ ಏರನ್ನು ಮೊದಲ ದಿನವೇ ಮುಗಿಸುತ್ತೇನೆ. ಒಂದೂವರೆ ಶೇಕಡಾ ಏರು ಕಣ್ಣಿಗೆ ಕಾಣುವುದೇ ಇಲ್ಲ, ಆದರೆ ಮೀನಖಂಡಕ್ಕೆ ಚೆನ್ನಾಗಿ ಗೊತ್ತಾಗುತ್ತದೆ. "ಇವತ್ತು ಯಾಕೋ ಕಾಲೇ ಬರುತ್ತಿಲ್ಲ" ಎನಿಸಿದಾಗ ಹಿಂದಿರುಗಿ ನೋಡಿ, ಬಂದ ದಾರಿ ಕೆಳಗಿರುತ್ತದೆ.

ಗಾಳಿಯ ದಿಕ್ಕೂ ಮುಖ್ಯ. ಬಯಲಿನಲ್ಲಿ ಎತ್ತರದ ಏರಿಯ ಮೇಲೆ ಗಾಳಿಗೆ ತಡೆಯೇ ಇರುವುದಿಲ್ಲ.

ಕಾಲದ ಬಗ್ಗೆ ಎರಡು ಮಾತು. ಬಿಸಿಲಿನ ತಿಂಗಳು ಬೇಡ, ಏಕೆಂದರೆ ಹಳೆಯ ರೈಲುದಾರಿಯಲ್ಲಿ ಮೈಲಿಗಟ್ಟಲೆ ನೆರಳಿಲ್ಲದ ನೇರ ಪಟ್ಟಿಗಳಿರುತ್ತವೆ. ತೀರಾ ಚಳಿಗಾಲವೂ ಬೇಡ: ದಾರಿಬದಿಯ ನಲ್ಲಿಗಳನ್ನು ಹೆಪ್ಪುಗಟ್ಟದಿರಲೆಂದು ನಿಲ್ಲಿಸಿರುತ್ತಾರೆ, ಸುರಂಗಗಳನ್ನೂ ಮುಚ್ಚಿರುತ್ತಾರೆ. ಅಲಿಗೇನಿ ದಾರಿಯ ಬಿಗ್ ಸ್ಯಾವೇಜ್ ಸುರಂಗ ಸುಮಾರು ಒಂದು ಕಿಲೋಮೀಟರ್ ಉದ್ದ, ಚಳಿಗಾಲದಲ್ಲಿ ಅದರ ಬಾಗಿಲು ಹಾಕಿರುತ್ತದೆ. ಅಷ್ಟು ದೂರ ಓಡಿ ಹೋಗಿ ಮುಚ್ಚಿದ ಬಾಗಿಲ ಮುಂದೆ ನಿಲ್ಲುವ ಪಾಡು ಯಾರಿಗೂ ಬೇಡ. ಹೊರಡುವ ವಾರ ಟ್ರೇಲ್ ನೋಡಿಕೊಳ್ಳುವವರ ಪ್ರಕಟಣೆಯನ್ನು ಇನ್ನೊಮ್ಮೆ ಓದಿ. ಕೆಲವು ದಾರಿಗಳಲ್ಲಿ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಮಾತ್ರ ಪ್ರವೇಶ. ರಾತ್ರಿ ಓಡುವ ಯೋಚನೆ ಇದ್ದರೆ ಅದನ್ನೂ ನೋಡಿಕೊಳ್ಳಿ.

ಹಂತ 3: ನೀರಿನ ಪಟ್ಟಿ

ಇಡೀ ಯೋಜನೆಯಲ್ಲಿ ಒಂದೇ ಒಂದು ಕಾಗದ ಬರೆಯಲು ಪುರುಸೊತ್ತಿದ್ದರೆ ಇದನ್ನು ಬರೆಯಿರಿ.

ಉಗಿ ಎಂಜಿನ್‌ಗಳಿಗೆ ಆಗಾಗ ನೀರು ತುಂಬಬೇಕಿತ್ತು. ಹಾಗಾಗಿ ಹಳೆಯ ರೈಲುದಾರಿಗಳಲ್ಲಿ ಅಷ್ಟಷ್ಟು ದೂರಕ್ಕೆ ಒಂದು ನಿಲ್ದಾಣ, ಅದರ ಸುತ್ತ ಒಂದು ಪುಟ್ಟ ಊರು ಹುಟ್ಟಿಕೊಂಡಿತು. ಆ ಊರುಗಳೇ ಈಗ ನಿಮಗೂ ನೀರಿನ ತಾಣ. ಆದರೆ ರೈಲು ನಿಂತ ಮೇಲೆ ಎಷ್ಟೋ ಊರು ಸೊರಗಿವೆ. ನಕ್ಷೆಯಲ್ಲಿ ಹೆಸರು ಇದೆ ಎಂದ ಮಾತ್ರಕ್ಕೆ ಅಲ್ಲಿ ಅಂಗಡಿ ಇದೆ ಎಂದಲ್ಲ. ಅಂಗಡಿ ಇದೆ ಎಂದ ಮಾತ್ರಕ್ಕೆ ನೀವು ಹೋದ ಹೊತ್ತಿಗೆ ತೆರೆದಿದೆ ಎಂದೂ ಅಲ್ಲ.

ಪಟ್ಟಿಯಲ್ಲಿ ನಾಲ್ಕು ಕಾಲಂ ಸಾಕು: ಶುರುವಿನಿಂದ ಎಷ್ಟನೇ ಕಿ.ಮೀ., ಏನು ಸಿಗುತ್ತದೆ, ಯಾವ ದಿನ ಯಾವ ಹೊತ್ತು ತೆರೆದಿರುತ್ತದೆ, ಹಿಂದಿನ ನೀರಿನಿಂದ ಎಷ್ಟು ದೂರ. ಕೊನೆಯ ಕಾಲಂ ಜೀವಾಳ. ಲೆಕ್ಕ ಹೀಗೆ: ಗಂಟೆಗೆ 8 ಕಿ.ಮೀ. ವೇಗ, ಗಂಟೆಗೆ ಅರ್ಧ ಲೀಟರ್ ನೀರು ಎಂದಿಟ್ಟುಕೊಳ್ಳಿ. ಎರಡು ನಲ್ಲಿಗಳ ನಡುವೆ 24 ಕಿ.ಮೀ. ಇದ್ದರೆ ಮೂರು ಗಂಟೆ, ಒಂದೂವರೆ ಲೀಟರ್. ಬಿಸಿಲಿದ್ದರೆ ಗಂಟೆಗೆ ಮುಕ್ಕಾಲು ಲೀಟರ್, ಆಗ ಎರಡೂಕಾಲು ಲೀಟರ್. ಇದರ ಮೇಲೆ ಅರ್ಧ ಲೀಟರ್ ಹೆಚ್ಚಿಗೆ ಇರಲಿ, ಆ ನಲ್ಲಿ ಒಣಗಿದ್ದರೆ ಎಂಬ ಅನುಮಾನಕ್ಕೆ.

ಒಂದು ನೀರಿನ ತಾಣ ಕೈಕೊಟ್ಟರೂ ಮುಂದಿನದಕ್ಕೆ ಬದುಕಿ ತಲುಪುವಂತಿರಬೇಕು. ಪಟ್ಟಿ ಮುಗಿದ ಮೇಲೆ ಪ್ರತಿ ಸಾಲನ್ನೂ ಒಮ್ಮೆ ಬೆರಳಿಂದ ಮುಚ್ಚಿ ನೋಡಿ: ಇದು ಇಲ್ಲದಿದ್ದರೆ? ಉತ್ತರ ಹೆದರಿಸುವಂತಿದ್ದರೆ ಅಲ್ಲಿ ನೀರು ಸೋಸುವ ಚಿಕ್ಕ ಫಿಲ್ಟರ್ ಬೇಕು, ಇಲ್ಲವೇ ದೊಡ್ಡ ಚೀಲ ಬೇಕು. ದಾರಿ ಪಕ್ಕದಲ್ಲೇ ನದಿ ಹರಿಯುತ್ತಿದ್ದರೂ ಹೊಲಗಳ ಗೊಬ್ಬರ, ಕೀಟನಾಶಕ, ಹಳೆ ಗಣಿಗಳ ಲೋಹ ಅದರಲ್ಲಿ ಬೆರೆತಿರಬಹುದು. ಫಿಲ್ಟರ್ ಹೆಚ್ಚಿನ ರೋಗಾಣುಗಳನ್ನು ತಡೆಯುತ್ತದೆ, ನೀರಲ್ಲಿ ಕರಗಿದ ರಾಸಾಯನಿಕವನ್ನು ತಡೆಯುವುದಿಲ್ಲ. ನಲ್ಲಿ ಸಿಗುವ ಕಡೆ ನದಿಗೆ ಇಳಿಯಬೇಡಿ.

ಇದೇ ಕಾಗದದ ಬೆನ್ನಿಗೆ "ಬಿಟ್ಟು ಹೋಗುವ ಜಾಗ"ಗಳನ್ನು ಬರೆಯಿರಿ. ದಾರಿಗೆ ಡಾಂಬರು ರಸ್ತೆ ಅಡ್ಡ ಬರುವ ಕಡೆ, ಬಸ್ಸು ಸಿಗುವ ಊರು, ಹತ್ತಿರದ ಆಸ್ಪತ್ರೆ. ಉದ್ದದ ಏರಿ ಮತ್ತು ಸೀಳುಗಳ ನಡುವೆ ದಾರಿ ಬಿಟ್ಟು ಆಚೆ ಹೋಗಲು ಆಗುವುದೇ ಇಲ್ಲ, ಹಾಗಾಗಿ ಇವು ಎಲ್ಲಿವೆ ಎಂದು ಮುಂಚೆಯೇ ಗೊತ್ತಿರಬೇಕು.

ಹಂತ 4: ತಯಾರಿಯ ತಿಂಗಳುಗಳು

ಒಂದೇ ದಿನದ ದೊಡ್ಡ ಓಟಕ್ಕಿಂತ ಬೆನ್ನು ಬೆನ್ನಿಗೆ ಎರಡು ದಿನದ ಓಟ ಇಲ್ಲಿ ಹೆಚ್ಚು ಕಲಿಸುತ್ತದೆ. ಶನಿವಾರ 30, ಭಾನುವಾರ ಎದ್ದು ಮತ್ತೆ 25. ಭಾನುವಾರ ಬೆಳಿಗ್ಗೆ ಮಂಚದಿಂದ ಕಾಲು ನೆಲಕ್ಕಿಟ್ಟಾಗ ಹೇಗಿರುತ್ತದೋ ಅದೇ ನಿಮ್ಮ ಟ್ರೇಲ್‌ನ ಎರಡನೇ ದಿನ. ಹೊರಡುವುದಕ್ಕೆ ಮೂರು ವಾರ ಮುಂಚೆ ಇಂಥ ಜೋಡಿ ಓಟ 40 ಮತ್ತು 35ಕ್ಕೆ ಮುಟ್ಟಿರಲಿ, ಆಮೇಲೆ ಕಡಿಮೆ ಮಾಡುತ್ತ ಬನ್ನಿ.

ಸಪಾಟು ದಾರಿಗೆ ಸಪಾಟಿನಲ್ಲೇ ತಯಾರಾಗಿ. ಗುಡ್ಡ ಹತ್ತಿ ಗಟ್ಟಿಯಾದ ಕಾಲು ಎಂದು ನಂಬಿ ಹೋದವರಿಗೆ ಮೂರು ಗಂಟೆ ಒಂದೇ ಲಯದ ಓಟ ಹೊಸ ನೋವು ಕೊಡುತ್ತದೆ. ಕೊನೆಯ ಆರು ವಾರದ ದೊಡ್ಡ ಓಟಗಳೆಲ್ಲ ಚೀಲ ಹೊತ್ತು, ಅದೇ ಬೂಟು, ಅದೇ ಕಾಲುಚೀಲ, ಅದೇ ತಿಂಡಿಯೊಂದಿಗೆ ಇರಲಿ. ವಾರಕ್ಕೆ ಎರಡು ದಿನ ಒಂಟಿಕಾಲಲ್ಲಿ ಹಿಮ್ಮಡಿ ಎತ್ತುವ ವ್ಯಾಯಾಮ ಮಾಡಿ, ಒಂದೊಂದು ಕಾಲಿಗೆ 15ರಂತೆ ಮೂರು ಸುತ್ತು.

ಹಂತ 5: ಚೀಲ

ವಸತಿಗೃಹದಲ್ಲಿ ಮಲಗುವುದಾದರೆ 12ರಿಂದ 15 ಲೀಟರಿನ ಓಟದ ಚೀಲ ಸಾಕು. ಟೆಂಟು ಹೊರುವುದಾದರೆ 25ರವರೆಗೆ ಹೋಗುತ್ತದೆ, ಆಗ ಅದು ಓಟಕ್ಕಿಂತ ವೇಗದ ನಡಿಗೆಗೆ ಹತ್ತಿರ. ನೀರು, ತಿಂಡಿ ಎಲ್ಲ ಸೇರಿ ಭಾರ ನಿಮ್ಮ ಮೈತೂಕದ ಹತ್ತನೇ ಒಂದು ಭಾಗ ಮೀರದಿರಲಿ ಎಂಬುದು ನಾನು ಇಟ್ಟುಕೊಂಡ ಗೆರೆ.

ಒಳಗೆ ಇರಬೇಕಾದ್ದು: ಮಳೆ ತಡೆಯುವ ತೆಳು ಅಂಗಿ, ನಿಂತಾಗ ಬೆಚ್ಚಗಿಡುವ ಒಂದು ಪದರ, ಸಂಜೆಗೆ ಒಂದು ಜೊತೆ ಬಟ್ಟೆ, ಕಾಲುಚೀಲ ಒಟ್ಟು ಮೂರು ಜೊತೆ, ಹೆಡ್‌ಲ್ಯಾಂಪ್ ಮತ್ತು ಅದಕ್ಕೆ ಬದಲಿ ಬ್ಯಾಟರಿ, 10,000 ಎಂಎಎಚ್‌ನ ಪವರ್ ಬ್ಯಾಂಕ್, ಫಾಯಿಲ್ ಹೊದಿಕೆ, ಶಿಳ್ಳೆ, ಪಾದದ ಸಾಮಾನು (ಅಂಟುಪಟ್ಟಿ, ಕತ್ತರಿ, ಸೂಜಿ, ಸ್ಪಿರಿಟ್), ಓಆರ್‌ಎಸ್ ಪುಡಿ. ನಕ್ಷೆಯನ್ನು ಫೋನಿಗೆ ಇಳಿಸಿಕೊಂಡಿರಿ, ನೆಟ್‌ವರ್ಕ್ ಇಲ್ಲದಾಗಲೂ ತೆರೆಯುವಂತೆ. ಸಿಗ್ನಲ್ ಸಿಗದ ಸೀಳುಗಳಲ್ಲಿ ಫೋನು ಹುಡುಕಿ ಹುಡುಕಿ ಬ್ಯಾಟರಿ ಬರಿದು ಮಾಡುತ್ತದೆ, ಏರೋಪ್ಲೇನ್ ಮೋಡ್‌ನಲ್ಲಿಡಿ.

ಬೂಟು ಅರ್ಧ ಸೈಜು ದೊಡ್ಡದಿರಲಿ, ಎರಡನೇ ದಿನಕ್ಕೆ ಪಾದ ಊದುತ್ತದೆ. ಗುಡ್ಡದ ಓಟದ ದಪ್ಪ ಹಲ್ಲಿನ ಬೂಟು ಇಲ್ಲಿ ಬೇಕಿಲ್ಲ. ಒತ್ತಿದ ಸುಣ್ಣಕಲ್ಲಿನ ಪುಡಿ ಹಾಸಿದ ನೆಲಕ್ಕೆ ಮೆತ್ತನೆ ಅಡಿಯ ರಸ್ತೆ ಬೂಟೇ ಸುಖ. ಮೇಲೆ ಗೇಟರ್ ತೊಡಿ. ಬೂಟಿನ ಬಾಯಿ ಮುಚ್ಚುವ ಬಟ್ಟೆಯ ಪಟ್ಟಿ ಅದು. ಆ ಪುಡಿಕಲ್ಲು ಒಳಗೆ ಹೋಗದಂತೆ ತಡೆಯುವುದಕ್ಕೆ ಅದಕ್ಕಿಂತ ಅಗ್ಗದ ಉಪಾಯ ಇಲ್ಲ.

ಹಂತ 6: ಲಯ

ಮೊದಲ ಗಂಟೆಯಿಂದಲೇ ನಡೆಯಿರಿ. ಈ ಸಾಲನ್ನು ಓದಿ ತಲೆಯಾಡಿಸುವವರೆಲ್ಲ ಅಲ್ಲಿ ಹೋದಾಗ ಮರೆಯುತ್ತಾರೆ. ಬೆಳಗಿನ ತಂಪು, ಹೊಸ ಹುರುಪು, ಕಾಲಡಿ ನಯವಾದ ನೆಲ. "ದಣಿದಾಗ ನಡೆದರಾಯಿತು" ಎಂದು 20 ಕಿ.ಮೀ. ಒಂದೇ ಉಸಿರಿಗೆ ಓಡಿಬಿಡುತ್ತಾರೆ. ದಣಿವು ಗೊತ್ತಾಗುವ ಹೊತ್ತಿಗೆ ಸ್ನಾಯು ಆಗಲೇ ಬಿಗಿದಿರುತ್ತದೆ.

25 ನಿಮಿಷ ಓಟ, 5 ನಿಮಿಷ ನಡಿಗೆ. ಗಡಿಯಾರಕ್ಕೆ ಗಂಟೆ ಹಾಕಿ, ಅದು ಹೇಳಿದಂತೆ ಕೇಳಿ. ಓಟ ಗಂಟೆಗೆ 8.5 ಕಿ.ಮೀ., ನಡಿಗೆ 5.5 ಇದ್ದರೂ ಸರಾಸರಿ 8 ಬರುತ್ತದೆ. 60 ಕಿ.ಮೀ.ಗೆ ಏಳೂವರೆ ಗಂಟೆ, ನೀರು ತುಂಬಲು, ಕಲ್ಲು ತೆಗೆಯಲು, ತಿನ್ನಲು ಒಂದು ಗಂಟೆ. ಬೆಳಿಗ್ಗೆ ಆರಕ್ಕೆ ಹೊರಟರೆ ಮಧ್ಯಾಹ್ನ ಎರಡೂವರೆಗೆ ಊರು ಸೇರಿ, ಅರ್ಧ ದಿನ ಕಾಲು ಎತ್ತಿಟ್ಟು ಮಲಗಬಹುದು. ಮರುದಿನದ ಓಟ ನಡೆಯುವುದು ಆ ಅರ್ಧ ದಿನದಲ್ಲಿ.

ಹೆಜ್ಜೆಯನ್ನೂ ಬದಲಿಸುತ್ತಿರಿ. ಒಂದು ಮೈಲಿಗಲ್ಲು ಚಿಕ್ಕ ಹೆಜ್ಜೆ, ಮುಂದಿನದು ಸ್ವಲ್ಪ ಉದ್ದ. ಎಡ ಅಂಚಿನಲ್ಲಿ ಸ್ವಲ್ಪ, ನಡುವೆ ಸ್ವಲ್ಪ. ದಾರಿಯ ಅಂಚು ಒಂದಿಷ್ಟು ಓರೆಯಾಗಿರುತ್ತದೆ. ಇಡೀ ದಿನ ಒಂದೇ ಅಂಚಿನಲ್ಲಿ ಓಡಿದರೆ ಸೊಂಟದ ಒಂದು ಬದಿಗೆ ಮಾತ್ರ ನೋವು ಬರುತ್ತದೆ.

ಕಣ್ಣೆದುರು ಹತ್ತು ಕಿಲೋಮೀಟರ್ ನೇರ ದಾರಿ ಚಾಚಿಕೊಂಡಾಗ ಮನಸ್ಸು ಕುಸಿಯುವುದು ಸಹಜ. ಓಡುತ್ತಲೇ ಇರುತ್ತೀರಿ, ದೂರದ ಮರ ಹತ್ತಿರವಾಗುವುದೇ ಇಲ್ಲ. ಅಂಥ ಕಡೆ ದಿಗಂತ ನೋಡುವುದು ಬಿಡಿ. ಮುಂದಿನ ಮೋರಿ, ಮುಂದಿನ ಮೈಲಿಗಲ್ಲು, ಮುಂದಿನ ಐದು ನಿಮಿಷದ ನಡಿಗೆ, ಅಷ್ಟೇ.

ಹಂತ 7: ತಿನ್ನುವುದು, ಕುಡಿಯುವುದು

ಗಂಟೆಗೆ 40ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್, ಅಂದರೆ ಸಕ್ಕರೆ ಪಿಷ್ಟದ ಆಹಾರ. 65 ಕಿಲೋ ತೂಕದವರು 60 ಕಿ.ಮೀ. ಓಡಿದರೆ ಹತ್ತಿರ ಹತ್ತಿರ 3,900 ಕ್ಯಾಲರಿ ಸುಡುತ್ತಾರೆ. ಗಂಟೆಗೆ 60 ಗ್ರಾಂ ತಿಂದರೂ ಎಂಟು ಗಂಟೆಯಲ್ಲಿ ಒಳಗೆ ಹೋಗುವುದು 1,900ರಷ್ಟು. ಮಿಕ್ಕಿದ್ದು ಸಂಜೆಯ ಊಟದ ಕೆಲಸ, ಹಸಿವಿಲ್ಲದಿದ್ದರೂ ತಿನ್ನಬೇಕು. ಮೊದಲ ದಿನ ಸಿಹಿ ರುಚಿಸುತ್ತದೆ, ಎರಡನೇ ದಿನಕ್ಕೆ ಸಿಹಿ ಕಂಡರೆ ಓಕರಿಕೆ ಬರುವವರೇ ಹೆಚ್ಚು. ಉಪ್ಪಿನ ತಿಂಡಿಯೂ ಅಷ್ಟೇ ಇರಲಿ.

ನೀರಿನಲ್ಲಿ ಎರಡು ಕಡೆಯೂ ಅಪಾಯವಿದೆ. ಕಡಿಮೆ ಕುಡಿಯುವುದರ ಬಗ್ಗೆ ಎಲ್ಲರಿಗೂ ಗೊತ್ತು. ಬರೀ ನೀರನ್ನು ಬಾಯಾರಿಕೆ ಮೀರಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದುಹೋಗುತ್ತದೆ, ವೈದ್ಯರು ಇದನ್ನು ಹೈಪೊನಟ್ರೀಮಿಯ ಎನ್ನುತ್ತಾರೆ. ಬೆರಳು ಊದಿ ಉಂಗುರ ಬಿಗಿಯಾಗುವುದು, ತಲೆನೋವು, ವಾಂತಿ, ಮಂಪರು ಅದರ ಸೂಚನೆ. ಜೀವಕ್ಕೇ ಕುತ್ತು ತರಬಹುದು. ಬಾಯಾರಿದಷ್ಟೇ ಕುಡಿಯಿರಿ. ಮೇಲೆ ಹೇಳಿದ ಲೆಕ್ಕ ಹೊರುವುದಕ್ಕೆ, ಅಷ್ಟನ್ನೂ ಕುಡಿದೇ ತೀರಬೇಕೆಂದಲ್ಲ.

ನೋವಿನ ಮಾತ್ರೆಯ ಬಗ್ಗೆ ಖಡಾಖಂಡಿತವಾಗಿ ಹೇಳುತ್ತೇನೆ: ಐಬುಪ್ರೊಫೆನ್ ಜಾತಿಯ ಮಾತ್ರೆ ನುಂಗಿ ಓಡಬೇಡಿ. ಗಂಟೆಗಟ್ಟಲೆ ಓಡಿ ಬೆವರಿದ ದೇಹದಲ್ಲಿ ಅದು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ಜೊತೆಗೆ ನಿಲ್ಲಬೇಕೆಂದು ಹೇಳುತ್ತಿರುವ ನೋವಿನ ಬಾಯಿಯನ್ನೂ ಮುಚ್ಚಿಸುತ್ತದೆ.

ಹಂತ 8: ಪಾದ

ಒಂಟಿಯಾಗಿ ಹೋದವರ ಓಟ ನಿಲ್ಲುವುದು ಸಾಮಾನ್ಯವಾಗಿ ಎದೆಯಿಂದಲ್ಲ, ಪಾದದಿಂದ. ಬೂಟಿನೊಳಗೆ ಏನೋ ಚುರ್ ಎಂದಿತು. ಚಿಕ್ಕದು, ಅಕ್ಕಿಕಾಳಿನಷ್ಟು. ಮುಂದಿನ ನಲ್ಲಿ ನಾಲ್ಕೇ ಕಿಲೋಮೀಟರ್, ಅಲ್ಲಿ ತೆಗೆದರಾಯಿತು ಎಂದು ಮನಸ್ಸು ಹೇಳುತ್ತದೆ. ನಾಲ್ಕು ಕಿಲೋಮೀಟರ್ ಎಂದರೆ ಆ ಕಾಲಿನ ಮೇಲೆ ಎರಡೂವರೆ ಸಾವಿರ ಹೆಜ್ಜೆ. ಅಲ್ಲೇ ನಿಲ್ಲಿ. ಬೂಟು ಬಿಚ್ಚಿ, ಕಾಲುಚೀಲವನ್ನೂ ಬಿಚ್ಚಿ ಒಳಹೊರಗು ಮಾಡಿ ಕೊಡವಿ, ಬೆರಳ ಸಂದಿಯ ಪುಡಿಯನ್ನು ಒರೆಸಿ, ಬೂಟಿನೊಳಗೆ ಕೈಹಾಕಿ ತಡವಿ ನೋಡಿ. ಎರಡು ನಿಮಿಷದ ಕೆಲಸ.

ಚರ್ಮ ಬಿಸಿಯಾದಂತೆ ಉರಿಯುವ ಜಾಗ ಇನ್ನೂ ಬೊಬ್ಬೆ ಆಗಿರುವುದಿಲ್ಲ. ಒರೆಸಿ ಒಣಗಿಸಿ, ಅಂಟುಪಟ್ಟಿಯ ಮೂಲೆಗಳನ್ನು ಕತ್ತರಿಯಿಂದ ದುಂಡಗೆ ಮಾಡಿ, ಸುಕ್ಕಿಲ್ಲದಂತೆ ಅಂಟಿಸಿ. ಚೌಕ ಮೂಲೆ ಮೊದಲು ಏಳುತ್ತದೆ, ಎದ್ದ ಮೂಲೆಯೇ ಹೊಸ ಬೊಬ್ಬೆ ಮಾಡುತ್ತದೆ. ಬೊಬ್ಬೆ ಆಗಿಯೇ ಬಿಟ್ಟಿದ್ದರೆ, ದೊಡ್ಡದಾಗಿ ಬಿಗಿದಿದ್ದರೆ ಮಾತ್ರ, ಸ್ಪಿರಿಟ್‌ನಲ್ಲಿ ಒರೆಸಿದ ಸೂಜಿಯಿಂದ ಅಂಚಿನಲ್ಲಿ ಎರಡು ಕಡೆ ಚುಚ್ಚಿ ನೀರು ಹರಿಸಿ. ಮೇಲಿನ ಚರ್ಮ ಕೀಳಬೇಡಿ. ರಕ್ತ ತುಂಬಿದ ಬೊಬ್ಬೆಯನ್ನು ಮುಟ್ಟಲೇಬೇಡಿ.

ಸಪಾಟು ದಾರಿಗಳಲ್ಲಿ ಹಲವು ದಿನ ಓಡುವವರನ್ನು ಕಾಡುವ ಇನ್ನೊಂದು ನೋವಿದೆ: ಪಾದ ಕಣಕಾಲನ್ನು ಸೇರುವ ಮುಂಭಾಗದ ಮಡಿಕೆಯಲ್ಲಿ, ಸರಿಯಾಗಿ ಬೂಟಿನ ಲಾಡಿ ಕಟ್ಟುವ ಕಡೆ. ಪಾದವನ್ನು ಮೇಲೆತ್ತುವ ಸ್ನಾಯುರಜ್ಜು ಉರಿತಗೊಂಡಿರುತ್ತದೆ. ಸುಳಿವು ಸಿಕ್ಕ ಕೂಡಲೇ ಮೇಲಿನ ಎರಡು ತೂತಿನ ಲಾಡಿ ಸಡಿಲಿಸಿ, ಹೆಜ್ಜೆ ಚಿಕ್ಕದು ಮಾಡಿ, ನಡಿಗೆ ಹೆಚ್ಚಿಸಿ. ಅಂಗೈ ಇಟ್ಟು ಪಾದ ಮೇಲೆ ಕೆಳಗೆ ಆಡಿಸಿದಾಗ ಹೊಸ ಚರ್ಮದ ಚಪ್ಪಲಿಯಂತೆ ಕಿರ್ ಕಿರ್ ಎನ್ನುವುದು ಕೈಗೆ ಗೊತ್ತಾದರೆ ಅಲ್ಲಿಗೆ ಓಟ ನಿಲ್ಲಿಸಿ. ಅದನ್ನು ತಳ್ಳಿಕೊಂಡು ಹೋದವರು ಮುಂದೆ ವಾರಗಟ್ಟಲೆ ಕುಂಟುತ್ತಾರೆ.

ಹಂತ 9: ಸುರಂಗ, ಸೇತುವೆ, ರಸ್ತೆ

ಸುರಂಗದ ಬಾಯಿಗೆ ಬಂದಾಗ ಮೊದಲು ತಗಲುವುದು ತಂಪು ಗಾಳಿ. ಬಿಸಿಲಲ್ಲಿ ಬೆವರಿದ ಮೈಗೆ ಅದು ಹಿತವೆನಿಸಿ ಹಾಗೇ ಒಳಗೆ ಓಡಿಬಿಡಬೇಡಿ. ಹೊರಗೇ ನಿಂತು ಹೆಡ್‌ಲ್ಯಾಂಪ್ ಹಾಕಿ, ಬಿಸಿಲ ಕನ್ನಡಕ ತೆಗೆಯಿರಿ, ಕಣ್ಣು ಕತ್ತಲಿಗೆ ಹೊಂದಲಿ. ಒಳಗೆ ನಡೆದೇ ಹೋಗಿ. ಎಲ್ರಾಯ್–ಸ್ಪಾರ್ಟಾದ ಅತಿ ಉದ್ದದ ಸುರಂಗ ಸುಮಾರು ಮುಕ್ಕಾಲು ಮೈಲಿ, ದೀಪವಿಲ್ಲ, ಮೇಲಿಂದ ನೀರು ತೊಟ್ಟಿಕ್ಕುತ್ತದೆ, ಗೋಡೆ ಪಕ್ಕ ಚರಂಡಿ ಇದೆ. ಒಟಾಗೊ ದಾರಿಯಲ್ಲಿ ಪೂಲ್‌ಬರ್ನ್ ಕಮರಿಯ ಸುರಂಗಗಳಿಗೂ ಟಾರ್ಚು ಬೇಕೇ ಬೇಕು. ಎದುರಿನಿಂದ ಬರುವ ಸೈಕಲ್ಲಿಗೆ ನೀವು ಕಾಣಬೇಕು, ಹಿಂದಿನಿಂದ ಬರುವವರಿಗಾಗಿ ಒಂದು ಚಿಕ್ಕ ಕೆಂಪು ದೀಪ ಚೀಲಕ್ಕೆ ಸಿಕ್ಕಿಸಿ.

ಮರದ ಹಲಗೆಯ ಸೇತುವೆ ಮಳೆಯಲ್ಲಿ, ಬೆಳಗಿನ ಇಬ್ಬನಿಯಲ್ಲಿ ಸೋಪು ಹಚ್ಚಿದಂತೆ ಜಾರುತ್ತದೆ, ಅಲ್ಲೂ ನಡಿಗೆಯೇ. ಹಳೆಯ ಸೇತುವೆ ಬಿದ್ದುಹೋದ ಕಡೆ ದಾರಿ ಥಟ್ಟನೆ ಹಳ್ಳಕ್ಕಿಳಿದು ಹತ್ತುತ್ತದೆ, ಬ್ರಿಸ್ಬೇನ್ ವ್ಯಾಲಿಯಲ್ಲಿ ಇಂಥವು ಸಾಕಷ್ಟಿವೆ. ರಸ್ತೆ ದಾಟುವಾಗ ಕಿವಿಯ ಇಯರ್‌ಫೋನ್ ತೆಗೆಯಿರಿ. ಗಂಟೆಗಟ್ಟಲೆ ವಾಹನವಿಲ್ಲದ ದಾರಿಯಲ್ಲಿ ಓಡಿದ ಮೇಲೆ ಅತ್ತ ಇತ್ತ ನೋಡುವ ರೂಢಿಯೇ ತಪ್ಪಿರುತ್ತದೆ. ಕುದುರೆ ಸವಾರರು ಕಂಡರೆ ಓಟ ನಿಲ್ಲಿಸಿ, ಮಾತಾಡಿಸಿ. ನಿಮ್ಮ ದನಿ ಕೇಳಿದರೆ ಕುದುರೆ ಬೆದರುವುದಿಲ್ಲ.

ಹಂತ 10: ಒಬ್ಬರೇ ಇರುವಾಗ

ಮನೆಯಲ್ಲಿ ಒಬ್ಬರ ಕೈಗೆ ನಿಮ್ಮ ನೀರಿನ ಪಟ್ಟಿಯ ಪ್ರತಿ ಕೊಡಿ. ದಿನಕ್ಕೆ ಎರಡು ಹೊತ್ತು ಸುದ್ದಿ ಮುಟ್ಟಿಸುವುದೆಂದು ಮಾತಾಗಲಿ. ಹೇಳಿದ ಹೊತ್ತಿಗೆ ಸುದ್ದಿ ಬರದಿದ್ದರೆ ಎಷ್ಟು ಗಂಟೆ ಕಾಯಬೇಕು, ಆಮೇಲೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನೂ ಬರೆದುಕೊಡಿ. ಇದನ್ನು ಬರೆಯದಿದ್ದರೆ ಅವರು ಹತ್ತು ನಿಮಿಷಕ್ಕೇ ಗಾಬರಿಯಾಗುತ್ತಾರೆ, ಇಲ್ಲವೇ ಮಾರನೇ ದಿನದವರೆಗೆ ಸುಮ್ಮನಿರುತ್ತಾರೆ. ಮೊಬೈಲ್ ಸಿಗ್ನಲ್ ಇಲ್ಲದ ಉದ್ದದ ಪಟ್ಟಿ ಇದ್ದರೆ ಉಪಗ್ರಹದ ಮೂಲಕ ಸಂದೇಶ ಕಳಿಸುವ ಚಿಕ್ಕ ಸಾಧನ ಬಾಡಿಗೆಗಾದರೂ ತನ್ನಿ. ಹೆಸರು, ರಕ್ತದ ಗುಂಪು, ಔಷಧಿ, ಮನೆಯವರ ನಂಬರು ಬರೆದ ಚೀಟಿ ಚೀಲದ ಮುಂದಿನ ಜೇಬಿನಲ್ಲಿರಲಿ. ಎಲ್ಲಿದ್ದೀರಿ, ರಾತ್ರಿ ಎಲ್ಲಿ ಉಳಿಯುತ್ತೀರಿ ಎಂಬುದನ್ನು ಅಪರಿಚಿತರಿಗೂ, ಆಗಿಂದಾಗಲೇ ಸಾಮಾಜಿಕ ಜಾಲತಾಣಕ್ಕೂ ಹೇಳಬೇಡಿ.

ಯಾವಾಗ ಬಿಡಬೇಕು ಎಂಬುದನ್ನು ಮನೆಯಲ್ಲೇ, ತಲೆ ತಣ್ಣಗಿರುವಾಗ ಬರೆಯಿರಿ. ನನ್ನ ಪಟ್ಟಿಯಲ್ಲಿರುವುದು ಇವು: ಮೂತ್ರ ಗಾಢ ಕಂದು ಬಣ್ಣಕ್ಕೆ ತಿರುಗಿದರೆ, ಅದು ಸ್ನಾಯು ಒಡೆದು ಮೂತ್ರಪಿಂಡಕ್ಕೆ ಹೋಗುತ್ತಿರುವ ಸೂಚನೆ, ಕೂಡಲೇ ಆಸ್ಪತ್ರೆ. ಬಿಸಿಲಲ್ಲಿ ಮಾತು ತೊದಲಿದರೆ, ಗೊಂದಲವಾದರೆ ನೆರಳು, ಮೈಗೆಲ್ಲ ನೀರು, ತುರ್ತು ಕರೆ. ನೀರು ಕುಡಿದರೂ ನಿಲ್ಲದ ವಾಂತಿ. ಒಂದೇ ಮೂಳೆಯ ಮೇಲೆ ಬೆರಳಿಟ್ಟು ತೋರಿಸಬಹುದಾದ ನೋವು. ಹೆಜ್ಜೆ ಬದಲಾಗುವಷ್ಟು ಕುಂಟು. ಇವುಗಳಲ್ಲಿ ಯಾವುದಾದರೂ ಬಂದರೆ ಮುಂದಿನ ಬಿಟ್ಟು ಹೋಗುವ ಜಾಗವೇ ನಿಮ್ಮ ಕೊನೆ. ದಾರಿ ಎಲ್ಲಿಗೂ ಹೋಗುವುದಿಲ್ಲ, ಆ ದಿಬ್ಬ ನೂರು ವರ್ಷದಿಂದ ಅಲ್ಲೇ ಇದೆ.

ಪ್ರತಿ ಸಂಜೆ ಕ್ರಮ ಒಂದೇ ಇರಲಿ. ಬಾಗಿಲು ಹಾಕಿದ ಮೇಲೆ ಮೊದಲು ತಿನ್ನುವುದು, ಆಮೇಲೆ ಸ್ನಾನ. ಪಾದ ಒರೆಸಿ ದೀಪದ ಕೆಳಗೆ ಒಂದೊಂದು ಬೆರಳೂ ನೋಡುವುದು. ಕಾಲುಚೀಲ ಒಗೆದು ಹಿಂಡಿ ಹರಡುವುದು. ಫೋನು, ಗಡಿಯಾರ, ದೀಪ ಚಾರ್ಜಿಗೆ. ಮನೆಗೆ ಸುದ್ದಿ. ನಾಳೆಯ ನೀರಿನ ಸಾಲುಗಳನ್ನು ಒಮ್ಮೆ ಓದಿ, ಕಾಲಡಿ ದಿಂಬಿಟ್ಟು ಎಂಟು ಗಂಟೆ ನಿದ್ದೆ.

ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ: ಮರಳಿ ಬರುವುದು. ಟ್ರೇಲ್‌ನ ಇನ್ನೊಂದು ತುದಿ ಅನೇಕ ಸಲ ಬಸ್ಸು ವಿರಳವಾದ ಸಣ್ಣ ಊರು. ವಾಹನವನ್ನು ಕೊನೆಯ ಊರಿನಲ್ಲಿ ಬಿಟ್ಟು, ಬಸ್ಸಿನಲ್ಲೋ ಟ್ರೇಲ್‌ನ ಶಟಲ್ ಗಾಡಿಯಲ್ಲೋ ಶುರುವಿನ ಊರಿಗೆ ಬಂದು, ಅಲ್ಲಿಂದ ವಾಹನದ ಕಡೆಗೆ ಓಡುವುದು ಒಳ್ಳೆಯದು. ಮುಗಿಸಿದ ದಿನವೇ ಗಂಟೆಗಟ್ಟಲೆ ಗಾಡಿ ಓಡಿಸಬೇಡಿ. ಆ ರಾತ್ರಿ ಅಲ್ಲೇ ಮಲಗಿ, ಬೆಳಿಗ್ಗೆ ಹೊರಡಿ, ದಾರಿಯಲ್ಲಿ ಗಂಟೆಗೊಮ್ಮೆ ಇಳಿದು ನಡೆಯಿರಿ. ಮುಂದಿನ ಎರಡು ವಾರ ಓಟ ಬೇಡ, ನಡಿಗೆ ಸಾಕು.